ಶೇಖ್ ಮುಕ್ಬಿಲ್‌ನ ಮುದ್ರೆಯುಂಗುರ

೧೯೩೬ರ ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬ್ರಿಟಿಷರ ಏಡನ್ ಬಂದರಿನ ಕ್ರೇಟರ್ ಪೇಟೆಯ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಬನೀ ಹರ್ಶಾ ಬುಡಕಟ್ಟಿನ ಶೇಖ್ ಮುಕ್ಬಿಲ್. ಇಂಥವರು ದೂರು ಕೊಡಲು ಆಳನ್ನು ಅಟ್ಟುತ್ತಾರೆ. ತಾವೇ ಬಂದಿದ್ದಾರೆಂದರೆ ಮಾನಕ್ಕೇ ಕುತ್ತು ಬಂದಿರಬೇಕೆಂದು ಇನ್ಸ್‌ಪೆಕ್ಟರ್ ಮುಬಾರಕ್ ಬಾವಜೀರ್ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ.

“ನನ್ನ ಮುದ್ರೆಯುಂಗುರ ಹೋಯ್ತು ಇನ್ಸ್‌ಪೆಕ್ಟ್ರೇ.”

“ಎಲ್ಲಿ?”

“ಸರ್ಕಾರದ ಅತಿಥಿಗೃಹದಲ್ಲೇ. ಬೆಳಗಿನ ನಮಾಜಿಗೆ ಕೈಕಾಲು ತೊಳೆಯೋಕೆ ಅಂತ ಬಿಚ್ಚಿ ಗೋಡೆ ಗೂಡಲ್ಲಿಟ್ಟಿದ್ದೆ. ಬಂದು ನೋಡಿದ್ರೆ ಇಲ್ಲ.”

“ಸರ್ಕಾರದ ಜೊತೆ ನಿಮ್ಮ ಒಪ್ಪಂದ ಯಾವತ್ತು?”

“ಗುರುವಾರ ಹತ್ತು ಗಂಟೆಗೆ.”

ಬಾವಜೀರ್ ಎಫ್‌ಐಆರ್ ಬರೆದ. ಮುದ್ರೆ ಬೀಳದ ಒಪ್ಪಂದ ಬರೀ ಕಾಗದ. ಹೊಸ ಮುದ್ರೆ ಕೆತ್ತಿಸಿದರೆ ಅದಕ್ಕೆ ಮೇಲಿನ ಸರ್ಕಾರದಿಂದ ಮಂಜೂರಾತಿ ಬರಲು ತಿಂಗಳುಗಳೇ ಬೇಕು. ಒಪ್ಪಂದ ಮಾಡಿಕೊಳ್ಳುವ ಬಿಳಿಯ ಸಾಹೇಬನೋ ಶನಿವಾರದ ಹಡಗಿಗೆ ರಜೆಯ ಮೇಲೆ ಹೊರಟು ನಿಂತವನು. ಗುರುವಾರ ತಪ್ಪಿದರೆ ಬೇಸಿಗೆ ಕಳೆಯುವವರೆಗೆ ಮಾತೇ ಇಲ್ಲ. ಶೇಖರ ಮಾಸಾಶನ ತೊಂಬತ್ತು ರೂಪಾಯಿಯಿಂದ ನೂರೈವತ್ತಕ್ಕೆ ಏರುವುದಿತ್ತು. ಅದಕ್ಕಿಂತ ಹೆಚ್ಚಾಗಿ ಅವರು ಏಡನ್ನಿಗೆ ಬಂದಾಗಲೆಲ್ಲ ಗೌರವಕ್ಕೆ ಐದು ತೋಪು ಹಾರುವುದಿತ್ತು. ನೆರೆಯ ಸುಲ್ತಾನನಿಗೆ ಒಂಬತ್ತು ಹಾರುತ್ತವೆ, ತಮಗೆ ಒಂದೂ ಇಲ್ಲವಲ್ಲ ಎಂದು ಶೇಖರು ಹನ್ನೆರಡು ವರ್ಷ ಹೊಟ್ಟೆ ಉರಿದುಕೊಂಡಿದ್ದರು.

ಎಂಟೂವರೆಗೆ ಅತಿಥಿಗೃಹದಲ್ಲಿ ಪಂಚನಾಮೆ. ಕಿಟಕಿಯ ಚಿಲಕ ಒಳಗಿನಿಂದ ಹಾಕಿದ್ದು. ಗೇಟಿನ ಕಾವಲುಗಾರ ಹೊರಗಿನವರು ಯಾರೂ ಬಂದಿಲ್ಲವೆಂದ. ಒಳಗಿದ್ದವರು ಶೇಖರನ್ನು ಬಿಟ್ಟರೆ ಆರು ಜನ, ಎಲ್ಲರೂ ಅವರ ಕಡೆಯವರೇ. ಊರ ಬಾಗಿಲಲ್ಲೇ ಬಂದೂಕು ಒಪ್ಪಿಸಿ ಬಂದವರು. ಗಂಟುಮೂಟೆ, ರುಮಾಲು, ಹಾಸಿಗೆ, ಕಾಫಿಪುಡಿಯ ಚೀಲ ಎಲ್ಲ ಜಾಲಾಡಿದರೂ ಉಂಗುರ ಸಿಗಲಿಲ್ಲ.

ಸೋಮಾಲಿ ಹೆಡ್ ಕಾನ್‌ಸ್ಟೇಬಲ್ ವಾರ್ಸಮೆ ಪಿಸುಗುಟ್ಟಿದ: “ಸೊಂಟದ ಕಠಾರಿ ಒರೆ ನೋಡ್ಲಿಲ್ವಲ್ಲ ಸಾಹೇಬ್ರೇ.”

“ನೀನೇ ಕೈ ಹಾಕಪ್ಪ. ನಿನ್ನ ಹೆಣದ ಪಂಚನಾಮೆ ನಾನು ಬರೀತೀನಿ.”

ವಾರ್ಸಮೆ ಹಲ್ಲು ಕಿರಿದ. ಈ ಜನರ ಕಠಾರಿಯನ್ನು ಇನ್ನೊಬ್ಬ ಮುಟ್ಟುವುದೆಂದರೆ ಗಡ್ಡ ಹಿಡಿದು ಜಗ್ಗಿದಂತೆ.

ಮೊದಲ ಅನುಮಾನ ಶೇಖರ ದಾಯಾದಿ ನಾಸಿರನ ಮೇಲೆ ಬಿತ್ತು. ಮಾಸಾಶನದಲ್ಲಿ ತನಗೂ ಪಾಲು ಬೇಕೆಂದು ಅರ್ಜಿ ಹಾಕಿದ್ದ ಆಸಾಮಿ ಅವನು.

“ಬೆಳಗಿನ ಜಾವ ಎಲ್ಲಿದ್ದೆ?”

“ಮಸೀದೀಲಿ.”

“ಕಂಡವರು?”

“ಇಮಾಮರು ಕಂಡಿದ್ದಾರೆ. ದೇವರೂ ಕಂಡಿದ್ದಾನೆ. ಇಬ್ಬರಲ್ಲಿ ಯಾರಿಗೆ ಸಮನ್ಸ್ ಕಳಿಸ್ತೀರಿ?”

ಇಮಾಮರು ಹೌದೆಂದರು. ಮಂಗಳವಾರ ಹೀಗೇ ದಂಡವಾಯಿತು.

ಬುಧವಾರ ಮಧ್ಯಾಹ್ನ ಬಾವಜೀರ್ ಅತಿಥಿಗೃಹದ ಪಡಸಾಲೆಯಲ್ಲಿ ಹೇಳಿಕೆಗಳನ್ನು ಓದುತ್ತ ಕೂತಿದ್ದ. ಶೇಖರ ಅಡುಗೆಯವನು ದೊಡ್ಡ ತಟ್ಟೆಯಲ್ಲಿ ಅನ್ನ, ಕುರಿಮಾಂಸ ತಂದಿಟ್ಟ. ಎಲ್ಲರೂ ಸುತ್ತ ಕೂತು ಕೈಹಾಕಿದರು. ಥಾಬಿತ್ ಎಂಬ ಮುದುಕ ಮಾತ್ರ ಗೋಡೆಗೊರಗಿ ದೂರ ಕೂತಿದ್ದ. ಶೇಖರ ತಂದೆಗೆ ಖಾಸಾ ಅಣ್ಣ, ಮನೆಗೆಲ್ಲ ಹಿರಿಯ.

“ದೊಡ್ಡಪ್ಪಾ, ನಿನ್ನೆಯಿಂದ ಒಂದಗುಳೂ ಮುಟ್ಟಿಲ್ಲ ನೀನು,” ಎಂದರು ಶೇಖರು.

“ಹೊಟ್ಟೆ ಕೆಟ್ಟಿದೆ ಮಗಾ. ನೀವು ಉಣ್ಣಿ.”

ಮುದುಕ ಎದ್ದು ಹೊರಟಾಗ ವಾರ್ಸಮೆ ಹಿಂದೆಯೇ ಹೋದ. ಒಂದೂವರೆಗೆ ವಾಪಸ್ ಬಂದವನಿಗೆ ನಗು ತಡೆಯಲಾಗಲಿಲ್ಲ.

“ಪೇಟೇಲಿ ಕರಿದ ಮೀನು, ಎರಡು ರೊಟ್ಟಿ ಹೊಡೆದ ಸಾಹೇಬ್ರೇ. ಮೇಲೆ ಖಾರದ ಚಟ್ನಿ ಬೇರೆ! ಇಂಥ ಹೊಟ್ಟೆನೋವು ನನಗೂ ಬರಬಾರದಾ?”

ಬಾವಜೀರ್ ನಗಲಿಲ್ಲ. ಉಂಡ ಮನೆಯ ವಸ್ತುವನ್ನು ಸೊಂಟದಲ್ಲಿಟ್ಟುಕೊಂಡು ಆ ಮನೆಯ ಉಪ್ಪನ್ನು ಬಾಯಿಗಿಡಲು ಆ ಬೆಟ್ಟದ ಹಿರಿಯರಿಗೆ ಆಗುವುದಿಲ್ಲ. ಕದ್ದದ್ದು ಯಾರೆಂದು ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ. ಅವನು ನೇರವಾಗಿ ಬಿಳಿಯ ಸಾಹೇಬನ ರೆಸಿಡೆನ್ಸಿ ಕಚೇರಿಗೆ ಹೋಗಿ ಒಪ್ಪಂದದ ಕರಡು ತರಿಸಿ ಓದಿದ. ಐದನೆಯ ಕಲಮು: ಸರ್ಕಾರಕ್ಕೆ ಬೇಕಾಗಿ ತಲೆಮರೆಸಿಕೊಂಡವರನ್ನು ಶೇಖರು ಹಿಡಿದೊಪ್ಪಿಸತಕ್ಕದ್ದು. ಅದರಡಿ ಇದ್ದದ್ದು ಒಂದೇ ಹೆಸರು. ಉಬಾದ್, ಟಪಾಲಿನ ಸವಾರನನ್ನು ಗುಂಡಿಕ್ಕಿ ಕೊಂದವನು. ಸದ್ಯ ಥಾಬಿತ್‌ನ ಮನೆಯಲ್ಲಿ ಆಶ್ರಯ.

ಸಂಜೆ ಐದು ಗಂಟೆ. ಬಾವಜೀರ್ ಇಬ್ಬರು ಪಂಚರನ್ನು ಬಾಗಿಲಲ್ಲಿ ಕೂರಿಸಿ, ಶೇಖರ ಅಡುಗೆಮನೆಯಿಂದ ಒಂದು ತಟ್ಟೆ ಅನ್ನ ತರಿಸಿ ಮುದುಕನ ಮುಂದಿಟ್ಟ.

“ಯಜಮಾನ್ರೇ, ಒಂದು ತುತ್ತು ತಿನ್ನಿ. ನಾನು ಎದ್ದು ಹೋಗ್ತೀನಿ.”

“ಹಸಿವಿಲ್ಲ.”

“ಒಂದೇ ಒಂದು.”

ಥಾಬಿತ್ ಅವನನ್ನು ದಿಟ್ಟಿಸಿದ. “ನೀನು ಯಾವ ಕಡೆಯವನೋ?”

“ನಮ್ಮಮ್ಮನ ತವರು ನಿಮ್ಮ ಬೆಟ್ಟದ ಬುಡದಲ್ಲೇ.”

“ಅದಕ್ಕೇ. ಬಿಳಿಯನಾಗಿದ್ರೆ ಡಾಕ್ಟರನ್ನ ಕಳಿಸ್ತಿದ್ದ.”

ಮುದುಕ ತನ್ನ ಕಠಾರಿಯನ್ನು ತಾನೇ ಎಳೆದು ಪಕ್ಕಕ್ಕಿಟ್ಟ. ಒರೆಯನ್ನು ಚಾಪೆಯ ಮೇಲೆ ಬೋರಲು ಮಾಡಿ ತಟ್ಟಿದ. ಉಂಗುರ ಬಿತ್ತು.

“ಸಮುದ್ರಕ್ಕೆ ಎಸೀಬಹುದಿತ್ತಲ್ಲ?”

“ನನ್ನ ತಮ್ಮ ಹಾಕ್ಕೊಂಡಿದ್ದ ಉಂಗುರ ಕಣೋ. ಆ ಸಾಹೇಬ ಹಡಗು ಹತ್ತಿದ ಮೇಲೆ ತಮ್ಮನ ಮಗನ ಕೈಗೇ ಕೊಡೋನಿದ್ದೆ. ಉಬಾದ್ ಕಾಲು ಮುರ್ಕೊಂಡು ಬಿದ್ದಿದ್ದಾನೆ. ಎದ್ದು ಓಡಾಡೋವರೆಗೆ ಸಮಯ ಸಿಕ್ಕಿದ್ರೆ ಸಾಕಿತ್ತು.”

“ಅವನು ಕೊಲೆಗಾರ ಯಜಮಾನ್ರೇ.”

“ಇರಲಿ. ನನ್ನ ಹೊಸಿಲು ದಾಟಿ ಬಂದ. ನಿನಗೆ ಏನೂ ಆಗಲ್ಲ ಅಂದೆ. ಅಂದಮೇಲೆ ಮುಗೀತಲ್ಲ.”

ಉಂಗುರವನ್ನು ಇನ್ನೊಂದು ದಿನ ಹುಡುಕುತ್ತಲೇ ಇರಬಹುದಿತ್ತು ಎಂದು ಬಾವಜೀರ್‌ಗೆ ಅನಿಸದೆ ಇರಲಿಲ್ಲ. ಆದರೆ ಪಂಚರು ಕಂಡಾಗಿತ್ತು. ಜಪ್ತಿ ಪಂಚನಾಮೆ ಬರೆಸಿ, ಐದು ನಲವತ್ತಕ್ಕೆ ಥಾಬಿತ್‌ನನ್ನು ಬಂಧಿಸಿದ. ಪತ್ತೆ ಮಾಡಿದ ಹೆಮ್ಮೆ ಒಂದಿಷ್ಟೂ ಇರಲಿಲ್ಲ, ನಾಚಿಕೆಯಾಗುತ್ತಿತ್ತು.

ಗುರುವಾರ ಹತ್ತಕ್ಕೆ ಮುದ್ರೆ ಬಿತ್ತು, ಐದು ತೋಪು ಹಾರಿದವು. ಶೇಖರ ಸವಾರರು ಹೋಗಿ ನೋಡುವಷ್ಟರಲ್ಲಿ ಥಾಬಿತ್‌ನ ಮನೆಯ ಹೆಂಗಸರು ಉಬಾದ್‌ನನ್ನು ಒಂಟೆಗೆ ಕಟ್ಟಿ ಗಡಿಯಾಚೆ ದಾಟಿಸಿದ್ದರು. ಇದನ್ನು ಕೇಳಿದಾಗ ಲಾಕಪ್ಪಿನಲ್ಲಿ ಮುದುಕ ಮೊದಲ ಸಲ ಗಟ್ಟಿಯಾಗಿ ನಕ್ಕ.

ಫೆಬ್ರವರಿ ೨೨, ಶನಿವಾರ. ಬೆಳಿಗ್ಗೆ ಹತ್ತೂಕಾಲಿಗೆ ಕೋಲೂರಿಕೊಂಡು, ಒಂದು ಕಾಲನ್ನು ಎಳೆಯುತ್ತ ಒಬ್ಬ ಠಾಣೆಗೆ ಬಂದ.

“ನಾನು ಉಬಾದ್. ಮುದುಕನ್ನ ಬಿಡಿ.”

“ಅವರದು ಕಳವಿನ ಕೇಸು,” ಎಂದ ಬಾವಜೀರ್. “ನೀನು ಬಂದೆ ಅಂತ ಬಿಡೋಕಾಗಲ್ಲ.”

“ಹಂಗಾ?” ಎಂದ ಉಬಾದ್. “ಯಾರೂ ಹೇಳ್ಲಿಲ್ಲ ನನಗೆ.”

ಕಂಬಿಯ ಹಿಂದೆ ಎದ್ದು ನಿಂತ ಥಾಬಿತ್ ಬಂದವನ ಗುರುತು ಹಿಡಿದು ಕಂಬಿಗೆ ಹಣೆಯಾನಿಸಿದ. ಇಷ್ಟು ದಿನ ನೆಟ್ಟಗಿದ್ದ ಬೆನ್ನು ಕುಗ್ಗಿತ್ತು.

“ಯಾಕೋ ಬಂದೆ?”

“ನೀನು ಇಲ್ಲಿ ಕೂತಿರುವಾಗ ನಾನು ಅಲ್ಲಿ ಹೆಂಗೆ ಮಲಗ್ಲಿ?”

“ಶೇಖನ ಕೈಲಿ ಆಗಲಿಲ್ಲ, ಸರ್ಕಾರದ ಕೈಲೂ ಆಗಲಿಲ್ಲ,” ಎಂದ ಮುದುಕ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು. “ಕೊನೆಗೆ ನಿನ್ನನ್ನ ಹಿಡಿದುಕೊಟ್ಟೋನು ನಾನೇ ಅಂತಾಯ್ತಲ್ಲೋ.”

ಬಾವಜೀರ್ ಬಂಧನದ ವೇಳೆಯನ್ನು ಹತ್ತು ಇಪ್ಪತ್ತು ಎಂದು ನಮೂದಿಸಿದ. ಆಮೇಲೆ ಕಳವಿನ ಕಡತ ತೆರೆದು, ಹನ್ನೊಂದು ದಿನಗಳಿಂದ ಖಾಲಿ ಬಿಟ್ಟಿದ್ದ ಉದ್ದೇಶದ ಕಾಲಮಿನಲ್ಲಿ ಬರೆದ: ಕೊಟ್ಟ ಮಾತು.