ಅತ್ತೆ ನೀರು ಹಾಕಿದ ಗಿಡ

ಒಣಕಡ್ಡಿ ನೆಟ್ಟರೂ ಚಿಗುರುವಂಥ ಕೈಗುಣ ನಮ್ಮ ಸೋದರತ್ತೆಯದು. ಕೊನೆಕೊನೆಗೆ ಕಣ್ಣು ಮಂಜಾಗಿ, ಬಾಲ್ಕನಿಯಲ್ಲಿದ್ದ ಪ್ಲಾಸ್ಟಿಕ್ ಗಿಡಕ್ಕೂ ದಿನಾ ನೀರು ಹಾಕುತ್ತಿದ್ದರು. ಅದು ನಿಜವಾದ ಗಿಡವಲ್ಲ ಅಂತ ಹೇಳಲು ನಮಗ್ಯಾರಿಗೂ ಬಾಯಿ ಬರಲಿಲ್ಲ.

ಅವರು ತೀರಿಕೊಂಡ ಮೇಲಿನ ಬೇಸಿಗೆಯಲ್ಲಿ ನನಗೆ ಇನ್‌ಫ್ರಾರೆಡ್ ಫೋಟೋದ ಹುಚ್ಚು ಹಿಡಿಯಿತು. ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆಯುವ ಫೋಟೋ ಅದು. ನನ್ನ ಸಾದಾ ಡಿಜಿಟಲ್ ಕ್ಯಾಮೆರಾಗೆ ಕಪ್ಪು ಫಿಲ್ಟರ್ ಹಾಕಿ, ಸ್ಟ್ಯಾಂಡ್ ಮೇಲಿಟ್ಟು, ಮಟಮಟ ಮಧ್ಯಾಹ್ನ ಬಾಲ್ಕನಿಯನ್ನು ತೆಗೆದೆ. ಅದೇನು ಚೆಂದ ಅಂತೀರಿ! ಆಕಾಶ ಕಪ್ಪು, ಜೀವವಿರುವ ಎಲೆಗಳೆಲ್ಲ ಹತ್ತಿಯ ಹಾಗೆ ಬೆಳ್ಳಗೆ. ಪ್ಲಾಸ್ಟಿಕ್ ಗಿಡ ಮಾತ್ರ ಇದ್ದಿಲಿನಂತೆ ನಿಂತಿತ್ತು.

"ನೋಡಕ್ಕ, ಕ್ಯಾಮೆರಾಗೆ ಮೋಸ ಮಾಡಕ್ಕಾಗಲ್ಲ," ಎಂದೆ.

"ಅತ್ತೆ ಇದ್ದಿದ್ರೆ, ನಿನ್ ಕ್ಯಾಮೆರಾಗೇ ಕಣ್ಣು ಕಾಣಲ್ಲ ಅಂತಿದ್ರು," ಎಂದು ಅಕ್ಕ ನಕ್ಕಳು.

ಇನ್ನೊಂದು ತೆಗೆದೆ. ಆ ಸುಡುಬಿಸಿಲಲ್ಲೂ ಕ್ಯಾಮೆರಾ ತಣ್ಣಗಿತ್ತು. ಹತ್ತಿರದಲ್ಲೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಈ ಸಲ ಪ್ಲಾಸ್ಟಿಕ್ ಗಿಡದ ಕೆಳಗಿನ ಎಲೆಯೊಂದು ಬೆಳ್ಳಗಾಗಿತ್ತು. ಮೂರನೆಯ ಫೋಟೋದಲ್ಲಿ ಇಡೀ ಗಿಡ ಬೆಳ್ಳಗಿತ್ತು, ಅಲ್ಲಿದ್ದ ಬೇರೆಲ್ಲ ಗಿಡಗಳಿಗಿಂತ ಸೊಂಪಾಗಿ.

ಅಕ್ಕ ಕುಂಡದೊಳಗೆ ಕೈಯಿಟ್ಟಳು. ಮಣ್ಣು ಒದ್ದೆಯಾಗಿತ್ತು.

"ನೀನು ನೀರು ಹಾಕಿದ್ಯೇನೋ?"

"ಪ್ಲಾಸ್ಟಿಕ್ಕಿಗೆ ಯಾರಕ್ಕ ನೀರು ಹಾಕ್ತಾರೆ?"



ಅಕ್ಕ ಒಂದು ಎಲೆ ಕಿತ್ತಳು. ಪ್ಲಾಸ್ಟಿಕ್ಕೇ, ಒಳಗೆ ತಂತಿಯೂ ಇತ್ತು. ಕಿತ್ತ ಜಾಗದಿಂದ ಬಿಳಿ ಹಾಲು ಒಸರಿ ಅವಳ ಬೆರಳಿಗೆ ಅಂಟಿತು.