ಅಡುಗೆಮನೆಯವರೆಗೂ ಕೇಳುವ ಮೈಕು

“ನಿಮ್ಮ ದನಿ ನನಗೆ ಗೊತ್ತೈತ್ರಿ.”

ಹಿಂದಿನಿಂದ ಬಂದ ಮಾತಿಗೆ ಆಶಾರಾಣಿ ಬೆಚ್ಚಿದಳು. ಕೈಯಲ್ಲಿದ್ದ ಮೈಕು ಗಾಜಿನ ಕೌಂಟರಿಗೆ ಬಡಿಯಿತು. ಅಂಗಡಿಯ ಸ್ಪೀಕರು ಢಬ್ ಎಂದು ಸದ್ದು ಮಾಡಿತು.

ದಾವಣಗೆರೆಯ ಪಿ.ಜೆ. ಬಡಾವಣೆಯ ಆ ಇಕ್ಕಟ್ಟಾದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಅವಳು ಬಂದಿದ್ದು ಮೈಕು ಕೊಳ್ಳಲು. ಪರೀಕ್ಷೆಗೆಂದು ‘ಹಲೋ ಹಲೋ’ ಎನ್ನಲು ನಾಚಿಕೆಯಾಗಿ, ಬಾಯಿಗೆ ಬಂದ ಒಂದು ಸಾಲು ಹೇಳಿದ್ದಳು... “ಅಶೋಕನ ಶಾಸನಗಳು ನಾಡಿನ ಉದ್ದಗಲಕ್ಕೂ ದೊರೆತಿವೆ.” ಅಷ್ಟೇ. ಅಷ್ಟಕ್ಕೇ ಯಾರೋ ಮಾತಾಡಿಸಲು ಬಂದುಬಿಟ್ಟರಲ್ಲ!

“ಹೆಂಗಸರು ಒಬ್ರೇ ಬಂದ್ರೆ ಸಾಕು, ಎಲ್ಲರಿಗೂ ಗೊತ್ತಿರ್ತಾರೆ!” ತಿರುಗದೆಯೇ ಹೇಳಿದಳು.

ಅಂಗಡಿಯ ಅಮ್ಜದ್ ತಲೆ ತಗ್ಗಿಸಿ ನಕ್ಕ. “ಅಕ್ಕಾರೆ, ಒಂದ್ಸಲ ತಿರುಗಿ ನೋಡ್ರಿ. ಆಮೇಲೆ ಬೇಕಾದ್ರೆ ಬೈಯ್ರಿ.”

ತಿರುಗಿದಳು.

ಸ್ಟೂಲಿನ ಮೇಲೆ ಒಬ್ಬ ಯುವಕ. ಮಂಡಿಗಳ ನಡುವೆ ಬಿಳಿ ಕೋಲು. ಅವನ ಮುಖ ಅವಳ ಕಡೆಗಿತ್ತು, ಕಣ್ಣು ಮಾತ್ರ ಅವಳ ಭುಜದಾಚೆಗೆ ಎಲ್ಲೋ ನಿಂತಿದ್ದವು.

“ಹರಿಹರದ ಕೊಟ್ರೇಶ್ ಅಂತ್ರಿ. ಬಸ್ ಸ್ಟ್ಯಾಂಡ್ ಹತ್ರ ಎಸ್‌ಟಿಡಿ ಬೂತ್ ಐತೆ. ಎಂ.ಎ. ಹಿಸ್ಟರಿ ಕಟ್ಟೀನಿ. ಅಂಧರ ಸಂಘದಿಂದ ಪಾಠದ ಕ್ಯಾಸೆಟ್ ಬರ್ತಾವಲ್ರಿ, ಅದ್ರಾಗೆ ಓದೋದು ನೀವೇ. ‘ಶಾಸನ’ ಅನ್ನೋಕ್ಕಿಂತ ಮುಂಚೆ ಸಣ್ಣದಾಗಿ ಉಸಿರು ತಗೋತೀರಿ.”

ಆಶಾರಾಣಿಯ ಮುಖ ಬಿಸಿಯಾಯಿತು. ಇಪ್ಪತ್ತೇಳು ವರ್ಷಗಳಲ್ಲಿ ಅವಳ ಬಣ್ಣ ನೋಡಿದವರಿದ್ದರು, ಎತ್ತರ ನೋಡಿದವರಿದ್ದರು. ಉಸಿರನ್ನು ಗಮನಿಸಿದವರು ಯಾರೂ ಇರಲಿಲ್ಲ.

“ಹಂಗಾದ್ರೆ ಕ್ಯಾಸೆಟ್‌ನಾಗೆ ಸದ್ದು ಜಾಸ್ತಿ ಅಂತ ಸಂಘಕ್ಕೆ ಕಂಪ್ಲೇಂಟ್ ಕೊಟ್ಟಿದ್ದು...?”

“ನಾನೇ ರೀ. ತಪ್ಪು ತಿಳ್ಕೋಬ್ಯಾಡ್ರಿ. ಟೇಪ್‌ರೆಕಾರ್ಡರ್‌ನಾಗಿರೋ ಮೈಕು ಅದರ ಮೋಟರ್ ಸದ್ದನ್ನೂ ತಗೊಂತೈತೆ. ನೀವು ಹಿಟ್ಟಿನ ಗಿರಣಿ ಹಿಂದೆ ನಿಂತು ಓದಿದಂಗೆ ಕೇಳ್ತಿತ್ತು.”

ಅವಳಿಗೆ ನಗು ಬಂತು. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿಯ ಮಿಲ್ ಮುಚ್ಚಿ, ಆ ಕೊರಗಿನಲ್ಲೇ ಅಪ್ಪನೂ ಹೋದ ಮೇಲೆ ಮನೆಯಲ್ಲಿ ನಗು ಕೇಳಿರಲಿಲ್ಲ. ತನ್ನ ನಗು ತನಗೇ ಅಪರಿಚಿತ ಎನಿಸಿತು.

ಅಮ್ಜದ್ ದಪ್ಪ ಜಾಲರಿ ತಲೆಯ ಮೈಕೊಂದನ್ನು ಮುಂದಿಟ್ಟ. “ಮದುವೆ, ಭಾಷಣ ಎಲ್ಲದಕ್ಕೂ ಇದೇ ಹೋಗೋದು. ಸೆಲ್ ಬ್ಯಾಡ, ಬಿದ್ರೂ ಏನಾಗಲ್ಲ. ಆದ್ರೆ ಬಾಯಿಗೆ ಹಚ್ಕೊಂಡೇ ಮಾತಾಡ್ಬೇಕು.”

“ಅದು ಬ್ಯಾಡ,” ಎಂದ ಕೊಟ್ರೇಶ್. “ಅದ್ರಾಗೆ ಓದಿದ್ರೆ ಕಳಿಂಗ ಯುದ್ಧನೂ ‘ಬಾತಿ, ಹರಿಹರ, ಹರಿಹರ’ ಅಂತ ಕಂಡಕ್ಟರ್ ಕೂಗಿದಂಗಾಗ್ತೈತೆ.”

“ಸ್ಟುಡಿಯೋದೋರು ಇಡ್ತಾರಲ್ಲ, ಕಂಡೆನ್ಸರ್ ಮೈಕು... ಅದು?” ಎಂದಳು ಆಶಾರಾಣಿ.

“ಅಲ್ಲಾ! ಅದಕ್ಕೆ ಕರೆಂಟ್ ಕೊಡೋ ಡಬ್ಬಿನೇ ಬೇರೆ. ಆ ಮೈಕು ತಗೊಂಡ್ರೆ ಮನಿ ಮಾರ್ಬೇಕಾಗ್ತೈತೆ ಅಕ್ಕಾರೆ.” ಅಮ್ಜದ್ ಡ್ರಾಯರಿನಿಂದ ಬೆರಳುದ್ದದ ಕಪ್ಪು ಕಡ್ಡಿಯೊಂದನ್ನು ತೆಗೆದ. “ಇದೂ ಕಂಡೆನ್ಸರೇ. ಬಡವರ ಕಂಡೆನ್ಸರ್! ಒಂದು ಪೆನ್ಸಿಲ್ ಸೆಲ್ ಹಾಕಿದ್ರೆ ಆಯ್ತು. ಓದ್ರಿ ನೋಡನ.”

ಅವಳು ಮತ್ತೆ ಅದೇ ಸಾಲು ಹೇಳಿದಳು. ಕೊಟ್ರೇಶ್ ತಲೆ ಬಾಗಿಸಿ ಕೇಳುತ್ತ ಕೂತಿದ್ದ. ಕೋಲಿನ ಮೇಲಿನ ಅವನ ಬೆರಳು ಬಿಗಿಯಾಗಿದ್ದವು.

“ಇದನ್ನೇ ತಗೊಳ್ರಿ.”

“ಯಾಕ?”

“ಇದ್ರಾಗೆ... ನೀವು ರೂಮಿಗೆ ಬಂದು ಎದುರಿಗೆ ಕುಂತಂಗೈತೆ.”

“ಒಂದು ಮಾತು ಮೊದಲೇ ಹೇಳ್ತೀನಿ,” ಎಂದ ಅಮ್ಜದ್. “ಇದಕ್ಕೆ ಕಿವಿ ಭಾಳ. ಪಕ್ಕದ ಮನಿ ಕುಕ್ಕರ್ ಕೂಗಿದ್ರೂ ಹಿಡ್ಕೊಂತೈತೆ.”

ಆ ಮಾತು ಇಬ್ಬರಿಗೂ ಕೇಳಿಸಿತು. ಇಬ್ಬರೂ ಅದನ್ನು ಅಂಗಡಿಯಲ್ಲೇ ಮರೆತು ಹೋದರು.

*

ಎಂ.ಸಿ.ಸಿ. ಬಡಾವಣೆಯ ಮನೆಯ ಹಿಂದಿನ ಕೋಣೆ. ಕಿಟಕಿಗೆ ಅಪ್ಪನ ಕಂಬಳಿ. ಫ್ಯಾನು ಬಂದ್. ಟ್ರಂಕಿನ ಮೇಲೆ ಮಡಿಸಿದ ಟವೆಲ್ಲುಗಳ ನಡುವೆ ಆ ಪುಟ್ಟ ಮೈಕನ್ನು ಕೂಸಿನ ಹಾಗೆ ಮಲಗಿಸಿ ಆಶಾರಾಣಿ ಓದುತ್ತಿದ್ದಳು. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಹೊರಗೆ ಊರಿತ್ತು, ಬಿಸಿಲಿತ್ತು, ನೆರೆಯವರ ಪ್ರಶ್ನೆಗಳಿದ್ದವು. ಒಳಗೆ ಮೈಕು ಮತ್ತು ಅವಳು. ಮೈಕಿನ ಆಚೆ ತುದಿಯಲ್ಲಿ ಒಬ್ಬ ಮನುಷ್ಯ.

ಈಗ ಕ್ಯಾಸೆಟ್ಟುಗಳು ಸಂಘದ ಮೂಲಕ ಹೋಗುತ್ತಿರಲಿಲ್ಲ. ಕರ್ಚೀಫಿನಲ್ಲಿ ಗಂಟು ಕಟ್ಟಿ ಹರಿಹರದ ಖಾಸಗಿ ಬಸ್ಸಿನ ಕಂಡಕ್ಟರ್ ಸಣ್ಣಬೀರಪ್ಪನ ಕೈಗೆ ಕೊಟ್ಟರೆ ಮುಗಿಯಿತು. ಆ ಬಸ್ಸಿನ ಹಾರನ್ ಕೇಳಿದರೆ ಕೊಟ್ರೇಶ್ ಬೂತಿನಿಂದ ಎದ್ದು ಬರುತ್ತಾನಂತೆ. “ಎಷ್ಟು ಬಸ್ ಇದ್ರೂ ನಮ್ಮ ಬಸ್ ಒಂದಕ್ಕೇ ಏಳ್ತಾರೆ ನೋಡ್ರವ್ವ!” ಎಂದು ಸಣ್ಣಬೀರಪ್ಪ ಕಣ್ಣರಳಿಸಿದ್ದ.

ಕೇಳಿ ಮುಗಿಸಿದ ಕ್ಯಾಸೆಟ್ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿತ್ತು. ಹಿಂಬದಿಯ ಕೊನೆಯಲ್ಲಿ ಅವನ ನಾಲ್ಕು ಮಾತು ಇರುತ್ತಿದ್ದವು.

“ಇವತ್ತು ಹೊಳೆ ತುಂಬೈತ್ರಿ. ಸೇತುವೆ ಮ್ಯಾಲೆ ಲಾರಿ ಹೋಗೋ ಸದ್ದೇ ಬದಲಾಗೈತೆ.”

ಇನ್ನೊಮ್ಮೆ: “ಓದೋವಾಗ ಟೇಪ್ ನಿಲ್ಲಿಸಿ ಮತ್ತೆ ಹಚ್ಚಬ್ಯಾಡ್ರಿ. ಆ ‘ಟಕ್’ ಅನ್ನೋದು ಕಪಾಳಕ್ಕೆ ಹೊಡೆದಂಗಾಗ್ತೈತೆ. ಕೆಮ್ಮು ಬಂದ್ರೆ ಕೆಮ್ಮಿ. ನೀರು ಕುಡಿಯೋಕೆ ಹೋದ್ರೆ ಹೋಗಿ ಬರ್ರಿ. ಟೇಪ್ ತಿರುಗ್ತಿರ್ಲಿ... ನಾನು ಕಾಯ್ತೀನಿ.”

‘ಕಾಯ್ತೀನಿ.’

ಆ ಒಂದು ಮಾತನ್ನು ಅವಳು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದಳು. ನನ್ನನ್ನು ಯಾರಾದರೂ ಕಾಯುತ್ತಾರೆಯೇ? ನನ್ನ ಕೆಮ್ಮಿಗೂ ಕಾಯುತ್ತಾರೆಯೇ?

ಅಂದಿನಿಂದ ಅವಳು ಟೇಪ್ ನಿಲ್ಲಿಸಲಿಲ್ಲ.

*

ಒಂದು ಮಧ್ಯಾಹ್ನ ಸಣ್ಣಬೀರಪ್ಪ ಕರ್ಚೀಫಿನ ಗಂಟಿನ ಬದಲು ಒಂದು ಚೀಲ ಕೊಟ್ಟ. ಒಳಗೆ ಎಲ್ಲ ಕ್ಯಾಸೆಟ್ಟುಗಳೂ ಇದ್ದವು.

“ಇನ್ಮ್ಯಾಲೆ ಬ್ಯಾಡ ಅಂದ್ರವ್ವ. ಬೇರೆ ಯಾರೋ ಓದ್ತಾರಂತೆ.” ಅವನು ಅವಳ ಮುಖ ನೋಡಲಿಲ್ಲ.

ಬೇರೆ ಯಾರೋ!

ಆಶಾರಾಣಿ ಚೀಲವನ್ನು ಎದೆಗವಚಿಕೊಂಡು ನಡೆದೇ ಮನೆಗೆ ಬಂದಳು. ರಾಣೆಬೆನ್ನೂರಿನವರು ಹೆಣ್ಣು ನೋಡಿ ಹೋಗಿದ್ದರು. ಈ ಸಲ ಒಪ್ಪಿಗೆಯೂ ಬಂದಿತ್ತು. ಅವ್ವ ಮರುಳಸಿದ್ದಮ್ಮ ಅಪ್ಪನ ಫೋಟೋದ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದಳು. ಆಶಾರಾಣಿ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಹರಿಹರದಿಂದ ಒಂದು ಮಾತು ಬಂದೀತೆಂದು ಕಾದಿದ್ದಳು. ಬಂದದ್ದು ಈ ಚೀಲ.

ಅವನಿಗೆ ಬೇಕಾಗಿದ್ದು ಪಾಠ. ನಾನು ಪಾಠದ ಆಚೆಗೆ ಏನೇನೋ ಕೇಳಿಸಿಕೊಂಡೆ. ಅಷ್ಟೇ.

ಮೈಕು ಟವೆಲ್ಲುಗಳ ನಡುವೆ ಮಲಗಿಯೇ ಇತ್ತು. ಊಟ ರುಚಿಸಲಿಲ್ಲ. ಕಿಟಕಿಯ ಕಂಬಳಿ ತೆಗೆಯಲು ಕೈ ಬರಲಿಲ್ಲ. ಹಗಲಲ್ಲೂ ಕೋಣೆ ಕತ್ತಲಾಗಿತ್ತು, ಆ ಕತ್ತಲೇ ಸರಿ ಎನಿಸುತ್ತಿತ್ತು.

ಕೊನೆಗೊಂದು ದಿನ ತಾನು ಕಳಿಸಿದ್ದ ಕಡೆಯ ಕ್ಯಾಸೆಟ್ಟಿನ ಹಿಂಬದಿ ಹಾಕಿದಳು. ಮೋಟರಿನ ಗುಂಯ್ ಸದ್ದು. ದೂರದಲ್ಲಿ ಬಸ್ಸಿನ ಹಾರನ್. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು... ಮಾತಿಲ್ಲ. ಅವನು ರೆಕಾರ್ಡ್ ಗುಂಡಿ ಒತ್ತಿ, ಮಾತು ಬಾರದೆ ಸುಮ್ಮನೆ ಕೂತಿದ್ದ!

ಕ್ಯಾಸೆಟ್ ತಿರುಗಿಸಿ ತನ್ನ ಓದನ್ನೇ ಕೇಳತೊಡಗಿದಳು.

ಮೌರ್ಯರ ಆಡಳಿತ... ಪ್ರಾಂತ್ಯಗಳು... ಆಮೇಲೆ ಅವ್ವನ ಕೂಗು. “ಆಶಾ, ಬಾ ಇಲ್ಲಿ!” ಕುರ್ಚಿ ಸರಿದ ಸದ್ದು. ದೂರವಾಗುವ ಹೆಜ್ಜೆ. ಆಮೇಲೆ ಅಡುಗೆಮನೆಯಿಂದ, ಎರಡು ಗೋಡೆಗಳ ಆಚೆಯಿಂದ, ಸಣ್ಣಗೆ, ಆದರೆ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ:

“ರಾಣೆಬೆನ್ನೂರಿನೋರು ಭಾನುವಾರ ಬರ್ತಾರೆ. ನೀನು ನೋಡಿದ್ರೆ ಆ ಕಣ್ಣಿಲ್ಲದೋನಿಗೆ ಓದ್ಕೊಂತ ಕುಂತೀಯ. ಅವನಿಗೇನಾದ್ರೂ ಮನಸ್ಸು ಕೊಟ್ಟೀಯೇನು?”

“ಥೂ! ಏನ್ ಮಾತಾಡ್ತೀಯವ್ವ? ಪಾಪ ಅಂತ ಓದ್ತೀನಿ. ಮಠದ ದಾಸೋಹಕ್ಕೆ ಅಕ್ಕಿ ಕೊಡಲ್ವಾ, ಹಂಗೆ!”

ಹೆಜ್ಜೆ ಹತ್ತಿರವಾಯಿತು. ಕುರ್ಚಿ ಎಳೆದ ಸದ್ದು. ಒಂದು ಸಣ್ಣ ಉಸಿರು. ಮತ್ತೆ ಅದೇ ದನಿ, ಏನೂ ಆಗದ ಹಾಗೆ: “ಅಶೋಕನ ಧರ್ಮನೀತಿ...”

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಅವ್ವನ ಬಾಯಿ ಮುಚ್ಚಿಸಲು ಆಡಿದ ಮಾತು. ಆಡಿದ ಮರುಕ್ಷಣವೇ ಮರೆತ ಮಾತು. ಹಳೆಯ ಮೈಕಾಗಿದ್ದರೆ ಮಾರುದೂರದ ಆಚೆ ಏನೂ ಕೇಳುತ್ತಿರಲಿಲ್ಲ. ಟೇಪ್ ನಿಲ್ಲಿಸಿ ಹೋಗಿದ್ದರೂ ಕೇಳುತ್ತಿರಲಿಲ್ಲ. ಅವನಿಗೆ ನೋವಾಗಬಾರದೆಂದೇ ನಿಲ್ಲಿಸಿರಲಿಲ್ಲವಲ್ಲ!

*

ಸಣ್ಣಬೀರಪ್ಪನ ಬಸ್ಸು ಹರಿಹರದಲ್ಲಿ ಹಾರನ್ ಹೊಡೆದಾಗ ಒಳಗೆ ಕೂತಿದ್ದ ಆಶಾರಾಣಿ ಕಿಟಕಿಯಿಂದಲೇ ನೋಡಿದಳು. ಬೂತಿನಲ್ಲಿ ಕೊಟ್ರೇಶ್ ಎದ್ದು ನಿಂತ. ಒಂದು ಹೆಜ್ಜೆ ಇಟ್ಟ. ನೆನಪಾದವನಂತೆ ಮತ್ತೆ ಕೂತುಬಿಟ್ಟ.

ಅದನ್ನು ನೋಡಿದ ಮೇಲೆ ಅವಳಿಗೆ ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು.

“ಬರ್ರಿ. ಯಾವ ಊರಿಗ್ರಿ?” ಎಂದ ಅವನು, ಬಾಗಿಲಲ್ಲಿ ಯಾರೋ ನಿಂತದ್ದು ತಿಳಿದು.

ಅವಳು ಮಾತಾಡಲು ಉಸಿರು ತೆಗೆದುಕೊಂಡಳು. ಅಷ್ಟೇ. ಅವನ ಮುಖ ಬಿಳಿಚಿಕೊಂಡಿತು.

“ಅಕ್ಕಿ ತಂದೀರೇನ್ರಿ?”

ಆಶಾರಾಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಕೇಳಿದ್ರಾ... ಎಲ್ಲಾನೂ...”

“ಮೈಕು ಆರಿಸಿದ್ದು ನಾನೇ ಅಲ್ರಿ? ಬೈಯ್ಯಾಕೆ ಬೇರೆ ಯಾರಿದಾರೆ?” ಅವನು ನಗಲು ನೋಡಿದ, ಆಗಲಿಲ್ಲ. “ನೀವು ತಪ್ಪೇನೂ ಹೇಳಿಲ್ಲ. ನಮ್ಮಂಥೋರಿಗೆ ಎಲ್ಲರೂ ಹಂಗೇ ಕೊಡ್ತಾರೆ, ನಾವೂ ತಗೊಂತೀವಿ. ನಿಮ್ಮದನ್ನ ಮಾತ್ರ ನಾನು ಬೇರೆ ಅಂದ್ಕೊಂಡಿದ್ದೆ. ನಾನೊಬ್ಬ ಹುಚ್ಚ.”

“ಅದು ಸುಳ್ಳು ರೀ! ಸುಳ್ಳು ಹೇಳಿದ್ದೆ!”

“ಯಾರಿಗ್ರಿ? ಅವ್ವಾರಿಗಾ, ನನಗಾ?”

ಇಲ್ಲಿ ನಿಂತು ಇವನಿಗೆ ಏನು ಹೇಳಿದರೂ ಅದು ಇವನನ್ನು ಸಮಾಧಾನ ಮಾಡುವ ಮಾತಾಗುತ್ತದೆ. ಇನ್ನೊಂದು ಹಿಡಿ ಅಕ್ಕಿ. ಸುಳ್ಳು ಹೇಳಿದ್ದು ಎಲ್ಲಿ?

“ದಾವಣಗೆರೆಗೆ ಒಂದು ಕಾಲ್ ಹಚ್ಚಿಕೊಡ್ರಿ,” ಎಂದಳು.

ತನ್ನ ಮನೆಯ ನಂಬರ್ ಹೇಳಿದಳು. ಅವನ ಬೆರಳು ಗುಂಡಿಗಳ ಮೇಲೆ ಹರಿದು, ಕೊನೆಯದರ ಮೇಲೆ ಒಂದು ಗಳಿಗೆ ನಿಂತು, ಒತ್ತಿತು. ಅವಳು ಕ್ಯಾಬಿನ್ನಿನ ಗಾಜಿನ ಬಾಗಿಲು ಹಾಕಿಕೊಳ್ಳಲಿಲ್ಲ.

“ಅವ್ವ... ನಾನು. ಹರಿಹರದಾಗೆ ಅದೀನಿ... ಇಲ್ಲ, ಗುಡಿಗಲ್ಲ. ಅವರ ಬೂತ್‌ನಾಗೆ... ತಡಿ, ಕೇಳಿಲ್ಲಿ. ಆವತ್ತು ಅಡುಗೆಮನ್ಯಾಗೆ ನಿಂಗೆ ಸುಳ್ಳು ಹೇಳಿದೆ. ಪಾಪ ಅಂತ ಓದ್ತಿರಲಿಲ್ಲ ಅವ್ವ. ಅಕ್ಕಿನೂ ಅಲ್ಲ, ಪುಣ್ಯನೂ ಅಲ್ಲ. ನೀನು ಕೇಳಿದ್ಯಲ್ಲ, ಮನಸ್ಸು ಕೊಟ್ಟೀಯೇನು ಅಂತ... ಹೂಂ. ಕೊಟ್ಟೀನಿ. ರಾಣೆಬೆನ್ನೂರಿನೋರಿಗೆ ಬ್ಯಾಡ ಅಂತ ಹೇಳಿಬಿಡು.”

ಆ ಕಡೆ ಮೌನ.

ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಹೊರಗೆ ಯಾವುದೋ ಬಸ್ಸು ಹೊರಟಿತು.

“ಅವ್ವ...? ಬೈಯ್ಯಿ. ಏನಾದ್ರೂ ಅನ್ನವ್ವ...”

ಏನೂ ಇಲ್ಲ. ಅವಳ ಕಣ್ಣು ತುಂಬಿ ಬಂತು. ಕೊಟ್ರೇಶ್ ಎದ್ದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ಏನಂದ್ರು?”

“ಏನೂ ಇಲ್ಲ. ಇಟ್ಟುಬಿಟ್ಲು ಅನ್ಸುತ್ತೆ.”

ಅವನು ಕೈ ಚಾಚಿದ. ಅವಳು ರಿಸೀವರ್ ಕೊಟ್ಟಳು. ಅದನ್ನು ಕಿವಿಗೆ ಒತ್ತಿಕೊಂಡು, ತಲೆ ಬಾಗಿಸಿ, ಬಹಳ ಹೊತ್ತು ನಿಂತ. ಮೈಕಿನ ಅಂಗಡಿಯಲ್ಲಿ ಕೂತಿದ್ದಂತೆಯೇ, ಇಡೀ ಮೈ ಕಿವಿಯಾಗಿ.

“ಇಟ್ಟಿಲ್ಲ,” ಪಿಸುಗುಟ್ಟಿದ.

“ಏನ್ ಕೇಳ್ತೈತೆ?”

“ಒಲೆ ಮ್ಯಾಲೆ ಏನೋ ಕುದೀತೈತೆ... ಉಸಿರು... ಅಳ್ತಿದಾರೆ. ಸೆರಗು ಬಾಯಿಗೆ ಹಿಡ್ಕೊಂಡು ಅಳ್ತಿದಾರೆ.”

ಆಶಾರಾಣಿ ಗೋಡೆಗೊರಗಿದಳು. ಈ ಅಳು ಇವತ್ತಿಗೆ ಮುಗಿಯುವುದಲ್ಲ. ಮನೆಯ ಬಾಗಿಲು ತೆರೆದೀತೋ ಇಲ್ಲವೋ, ಅಪ್ಪನ ಫೋಟೋದ ಮುಂದೆ ನಿಲ್ಲಲು ಬಿಟ್ಟಾರೋ ಇಲ್ಲವೋ...

“ನಾವೇ ಇಟ್ಟುಬಿಡನಾ?” ಎಂದಳು ಸೋತ ದನಿಯಲ್ಲಿ.

“ಬ್ಯಾಡ. ಆ ‘ಟಕ್’ ಅನ್ನೋದು ಅವರಿಗೂ ಕಪಾಳಕ್ಕೆ ಹೊಡೆದಂಗಾಗ್ತೈತೆ.”

“ಮತ್ತೆ?”

ಅವನು ರಿಸೀವರ್ ಕಿವಿಯಿಂದ ತೆಗೆಯದೆ, ಕಾಲಿನಿಂದ ತಡಕಿ ತನ್ನ ಸ್ಟೂಲನ್ನು ಅವಳ ಕಡೆಗೆ ಸರಿಸಿದ. ಇಷ್ಟು ದಿನ ಮಾತಿನ ತುದಿಗೆ ಇದ್ದ ‘ರಿ’ ಈಗ ಇರಲಿಲ್ಲ.

“ಕುಂದ್ರು, ಆಶಾ. ಕಾಯೋಣ.”