ಕಾಂತಮ್ಮನ ಕ್ಯಾರಿಯರ್

ನಮ್ಮ ಅರಸೀಕೆರೆ ಮನೆಯಲ್ಲಿ, ಹಾಡಹಗಲಲ್ಲೇ ನಡೆದದ್ದು ಇದು. ನಮ್ಮನೆಯವರು ಚಿದಂಬರ, ದೊಡ್ಡ ಹಲಗೆಯ ಮೇಲೆ ಇಡೀ ರೈಲ್ವೆ ಜಂಕ್ಷನ್ನಿನ ಪುಟ್ಟ ಮಾದರಿ ಕಟ್ಟಿ, ಅದರಲ್ಲಿ ಸುತ್ತುವ ಆಟಿಕೆ ರೈಲನ್ನೂ ಇಟ್ಟಿದ್ದರು. ಪ್ಲಾಟ್‌ಫಾರಮ್ಮಿನಲ್ಲಿ ಊಟದ ಕ್ಯಾರಿಯರ್ ಹಿಡಿದು ನಿಂತ ಮಣ್ಣಿನ ಗೊಂಬೆ, ತೀರಿಕೊಂಡ ನಮ್ಮತ್ತೆ ಕಾಂತಮ್ಮನದು. ನೆಂಟರ ರೈಲು ಈ ದಾರಿಯಲ್ಲಿ ಹೋಗುತ್ತದೆಂದು ಗೊತ್ತಾದರೆ ಸಾಕು, ಅವರು ಬಿಸಿ ಚಿತ್ರಾನ್ನ ಕಟ್ಟಿಕೊಂಡು ಸ್ಟೇಷನ್ನಿಗೆ ಓಡುತ್ತಿದ್ದರು.

ಹುಬ್ಬಳ್ಳಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ನಾದಿನಿ ಅರುಣಾಗೆ ತೋರಿಸೋಣವೆಂದು, ಬೋಗಿಯ ಮೇಲೆ ಮೊಬೈಲ್ ಕಟ್ಟಿ, ವಿಡಿಯೊ ಶುರುಮಾಡಿ ರೈಲು ಬಿಟ್ಟೆವು.

"ನಿಲ್ಲಿಸದೆ ಹೋದ್ರೆ ಅವ್ವ ಬೈತಾಳೆ ಕಣೇ," ಎಂದು ಇವರು ನಕ್ಕರು.

ಎರಡನೇ ಸುತ್ತಿನಲ್ಲಿ, ಸ್ವಿಚ್ ಮುಟ್ಟದೆಯೇ, ರೈಲು ಗೊಂಬೆಯ ಮುಂದೆ ನಿಂತಿತು. ಸ್ವಲ್ಪ ಹೊತ್ತಿಗೆ ತಾನಾಗಿ ಹೊರಟಿತು. ಮೊಬೈಲ್ ಬಿಚ್ಚುವಾಗ ಬೋಗಿ ಬೆಚ್ಚಗಿತ್ತು, ಒಗ್ಗರಣೆಯ ಘಮ ಬಂತು. ನಾನಿನ್ನೂ ಒಲೆ ಹಚ್ಚಿರಲಿಲ್ಲ.

ವಿಡಿಯೊದಲ್ಲಿ ರೈಲು ನಿಂತ ಕಡೆ ಚಿತ್ರಕ್ಕೆ ಹಬೆ ಕವಿದಿತ್ತು, ಗಾಜಿನ ಬಳೆಗಳ ಸದ್ದು ಕೇಳುತ್ತಿತ್ತು. ಕಳಿಸಿದ ಕೂಡಲೇ ಅರುಣಾ ಫೋನ್ ಮಾಡಿದಳು. "ಅತ್ತಿಗೆ, ಅವ್ವನ ಬಳೆ ಕಣ್ರೀ ಅದು," ಎಂದು ಅಳುತ್ತಲೇ ನಕ್ಕಳು. ನಾವೂ ನಕ್ಕೆವು.

ಆಮೇಲೆ ಗೊಂಬೆ ನೋಡಿದೆ. ಅದರ ಕೈಗೇ ಸೇರಿಸಿ ಸುಟ್ಟಿದ್ದ ಮಣ್ಣಿನ ಕ್ಯಾರಿಯರ್ ಅಲ್ಲಿರಲಿಲ್ಲ. ಮುರಿದ ಗುರುತೂ ಇರಲಿಲ್ಲ.